"ಧಿಮಾಕಿನ ರಾಣಿ" ಅಂತಾರೆ ಎಲ್ಲರೂ. ನನಗೆ ಮಾತ್ರ ಅವಳು ಒಳಗೊಳಗೇ ಕುಸಿಯುತ್ತಿರುವ ಹಾಗೆ ಕಾಣುತ್ತಾಳೆ

ಕಾಮರ್ಸ್_ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಒಂದು ಹೆಣ್ಣುಮಕ್ಕಳ ಡಿಗ್ರಿ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ಅಕೌಂಟ್ಸ್ ಪಾಠ ಮಾಡುತ್ತಿದ್ದೇನೆ. ಊರು, ಕಾಲೇಜು ಯಾವುದು ಅಂತ ಕೇಳಬೇಡಿ. ಹುಡುಗಿಯ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೇನೆ.

ಫೈನಲ್ ಬಿ.ಕಾಂ.ನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಕಾಲೇಜಿನಲ್ಲಿ ಯಾವ ಕಾರ್ಯಕ್ರಮ ಆದರೂ ಮೈಕು ಅವಳ ಕೈಯಲ್ಲೇ ಇರಬೇಕು. ನಿಜಕ್ಕೂ ಚೆನ್ನಾಗಿ ಮಾತಾಡುತ್ತಾಳೆ. ಸೀರೆ ಉಟ್ಟು ಬಂದರೆ ಎಲ್ಲರೂ ತಿರುಗಿ ನೋಡುತ್ತಾರೆ, ಅದು ಅವಳಿಗೂ ಗೊತ್ತು. "ನಾನಿಲ್ಲದಿದ್ದರೆ ಎತ್ನಿಕ್ ಡೇ ನಡೆಯೋದೇ ಇಲ್ಲ" ಅಂತ ಎಲ್ಲರ ಎದುರೇ ಹೇಳುತ್ತಾಳೆ. ಬೇರೆ ಹುಡುಗಿ ಪ್ರಾರ್ಥನೆ ಹಾಡುವಾಗ ಫೋನ್ ನೋಡುತ್ತಾ ಕೂರುತ್ತಾಳೆ. ಸ್ಟಾಫ್ ರೂಮಿನಲ್ಲಿ ಅವಳಿಗೆ ಧಿಮಾಕಿನ ರಾಣಿ ಅಂತ ಹೆಸರು. ಹೊಸದಾಗಿ ಸೇರಿದ ಒಬ್ಬರು ಒಂದು ದಿನ "ಅವಳು ನಾರ್ಸಿಸಿಸ್ಟ್ ರೀ" ಅಂದರು, ಅಂದರೆ ತನ್ನ ಮೇಲೇ ತನಗೆ ಅತಿ ಮೋಹ ಇರುವವಳು ಅಂತ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಕಳೆದ ತಿಂಗಳು ಮೊದಲ ಇಂಟರ್ನಲ್ಸ್ ಪೇಪರ್ ಕೊಟ್ಟೆ. ಅವಳಿಗೆ 20ಕ್ಕೆ 11 ಬಂದಿತ್ತು. ಪೇಪರನ್ನು ಮಡಚಿದಳು, ಮತ್ತೆ ಮಡಚಿದಳು, ಬೆರಳಗಲ ಆಗುವವರೆಗೂ ಮಡಚಿ ಪೆನ್ನಿನ ಪೌಚಿನೊಳಗೆ ತುರುಕಿದಳು. ಪಕ್ಕದವಳು ಎಷ್ಟು ಅಂತ ಕೇಳಿದ್ದಕ್ಕೆ "ಹದಿನೆಂಟು" ಅಂದಳು. ಸಂಜೆ ನೋಡಿದರೆ ಲೈಬ್ರರಿ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಾಳೆ. ಕಾಡಿಗೆ ಕೆನ್ನೆಗೆ ಇಳಿದಿತ್ತು. ಹೋಗಿ ಪಕ್ಕದಲ್ಲಿ ಕೂತೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಮೇಡಂ, ಫೋಟೋ ಹಾಕಿ ಅರ್ಧ ಗಂಟೆಯೊಳಗೆ ನೂರು ಲೈಕ್ ಬರಲಿಲ್ಲ ಅಂದ್ರೆ ಡಿಲೀಟ್ ಮಾಡ್ತೀನಿ. ಇವತ್ತು ಮೂರು ಸಲ ಡಿಲೀಟ್ ಮಾಡಿದೆ" ಅಂದಳು. ರಾತ್ರಿ ನಿದ್ದೆ ಬರಲ್ಲವಂತೆ. ಬೆಳಗ್ಗೆ ತಿಂಡಿ ಸೇರಲ್ಲವಂತೆ.

ಇದು ಅಹಂಕಾರವೋ, ಕೀಳರಿಮೆಯೋ? ಎರಡೂ ಒಬ್ಬಳಲ್ಲೇ ಇರುತ್ತಾ? ತಲೆಯಾಡಿಸಿದ್ದು ಈಗ ಚುಚ್ಚುತ್ತಿದೆ. ಗೊತ್ತಿದ್ದವರು ಹೇಳಿ.

ಸುಮ್ನೆ_ಓದುಗ

ಅಹಂಕಾರವೇ. ತುಂಬಿದ ಕೊಡ ತುಳುಕಲ್ಲ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಪೀಜಿ_ಹುಡುಗಿ

ಅಣ್ಣ, ಆ ಗಾದೆ ಕೇಳಿ ಕೇಳಿ ಬೆಳೆದವಳು ನಾನು. ಎಸ್ಸೆಸ್ಸೆಲ್ಸಿಯಲ್ಲಿ 94% ಬಂದಾಗ ಅಕ್ಕಪಕ್ಕದ ಮನೆಗೆ ಪೇಡೆ ಹಂಚೋಣ ಅಂತ ಹೊರಟಿದ್ದೆ. ದೊಡ್ಡಮ್ಮ ಇದೇ ಗಾದೆ ಹೇಳಿ ಡಬ್ಬಿ ಕಿತ್ತುಕೊಂಡು ಒಳಗಿಟ್ಟರು. ಅವರ ಮಗ 81% ತೆಗೆದಾಗ ಬೀದಿಗೆಲ್ಲ ಹಂಚಿದರು. ಗಾದೆ ತಪ್ಪು ಅನ್ನಲ್ಲ. ಯಾರ ಬಾಯಿ ಮುಚ್ಚಿಸೋಕೆ ಅದನ್ನು ಬಳಸುತ್ತಾರೆ ಅಂತ ನೋಡಿ.

ಸುಮ್ನೆ_ಓದುಗ

ನಿಮ್ಮ ದೊಡ್ಡಮ್ಮ ಮಾಡಿದ್ದು ತಪ್ಪು ತಂಗಿ, ಒಪ್ಪುತ್ತೇನೆ. ಆದರೆ ಇನ್ನೊಬ್ಬಳು ಹಾಡುವಾಗ ಫೋನ್ ನೋಡುತ್ತಾ ಕೂರೋದು ಸರೀನಾ?

ಪೀಜಿ_ಹುಡುಗಿ

ಸರಿ ಅಲ್ಲ. ಆದರೆ ಯಾಕೆ ಹಾಗೆ ಮಾಡುತ್ತಾಳೆ ಅಂತ ಮೇಡಂ ಕೇಳುತ್ತಿದ್ದಾರೆ. ಸರಿ ತಪ್ಪು ಹೇಳೋಕೆ ಸ್ಟಾಫ್ ರೂಮಿನಲ್ಲಿ ಆಗಲೇ ಜನ ಇದ್ದಾರೆ.

ಸೈಕಾಲಜಿ_ಓದುವವಳು

ಮೇಡಂ, ನಾನು ಎಂ.ಎಸ್ಸಿ. ಸೈಕಾಲಜಿ ಎರಡನೇ ವರ್ಷ. ನನ್ನ ಡಿಸರ್ಟೇಶನ್ ಇದೇ ವಿಷಯದ ಮೇಲೆ: ಡಿಗ್ರಿ ಓದುವ ಹುಡುಗಿಯರಲ್ಲಿ ಸ್ವಮೋಹ (ನಾರ್ಸಿಸಿಸಂಗೆ ಕನ್ನಡ ಪದ), ಆತ್ಮಗೌರವ, ಒತ್ತಡ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

"ನಾರ್ಸಿಸಿಸ್ಟ್" ಅನ್ನುವ ಚೀಟಿಯನ್ನು ಯಾರ ಹಣೆಗೂ ಅಂಟಿಸಬೇಡಿ. ಆ ಪದ ಎರಡು ಅರ್ಥದಲ್ಲಿ ಓಡಾಡುತ್ತಿದೆ. ಒಂದು, ವ್ಯಕ್ತಿತ್ವದ ತೊಂದರೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಮೂರನೇ ಆವೃತ್ತಿಗೆ ಅದು ಸೇರಿತು. ಅದು ಇದೆಯೋ ಇಲ್ಲವೋ ಅಂತ ಹೇಳಬೇಕಾದವರು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ಇನ್ನೊಂದು, ಬರೀ ಸ್ವಭಾವ. ಉಪ್ಪಿನ ಹಾಗೆ ಎಲ್ಲರಲ್ಲೂ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ರಾಸ್ಕಿನ್ ಮತ್ತು ಹಾಲ್ ಅನ್ನುವವರು 1979ರಲ್ಲಿ ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. 1988ರಲ್ಲಿ ಅದು 40 ಜೋಡಿ ಹೇಳಿಕೆಗಳ ರೂಪಕ್ಕೆ ಬಂತು. ಎರಡರಲ್ಲಿ ಯಾವುದು ನಿಮಗೆ ಹೊಂದುತ್ತದೋ ಅದಕ್ಕೆ ಟಿಕ್ ಹಾಕಬೇಕು, ಅಷ್ಟೇ.

ಈ ಸ್ವಭಾವದಲ್ಲೂ ಎರಡು ಬಗೆ ಇದೆ. ಒಬ್ಬರು ಎದೆ ಸೆಟೆಸಿ ನಡೆಯುವವರು. "ನಾನು ಎಲ್ಲರಿಗಿಂತ ಮೇಲು" ಅಂತ ಅವರು ನಿಜವಾಗಿ ನಂಬಿರುತ್ತಾರೆ. ಇನ್ನೊಬ್ಬರು ಮುಟ್ಟಿದರೆ ಮುನಿ ಗಿಡದ ಹಾಗೆ. ಎಲ್ಲರೂ ನನ್ನನ್ನು ಮೆಚ್ಚಬೇಕು ಅನ್ನೋ ಹಸಿವು ತುಂಬಾ ಇರುತ್ತದೆ, ಆದರೆ ಯಾರೋ ಒಂದು ಮಾತು ಅಂದರೆ ಸಾಕು, ಮುದುಡಿ ಹೋಗುತ್ತಾರೆ. ಪಾಲ್ ವಿಂಕ್ ಅನ್ನುವ ಸಂಶೋಧಕರು 1991ರಲ್ಲೇ ಇವು ಎರಡು ಬೇರೆ ಬೇರೆ ಮುಖ ಅಂತ ತೋರಿಸಿದರು. ಮೊದಲನೆಯವರ ಆತ್ಮಗೌರವ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಎರಡನೆಯವರದ್ದು ನೆಲ ಕಚ್ಚಿರುತ್ತದೆ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ ಥರ ಕಾಣಬಹುದು, ಅದೇ ಕಷ್ಟ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಎರಡೂ ಒಬ್ಬಳಲ್ಲೇ ಇರಬಹುದು.

ಇನ್ನೊಂದು ಹೇಳಬೇಕು. ಆತ್ಮಗೌರವ ಅಳೆಯಲು ರೋಸೆನ್‌ಬರ್ಗ್ 1965ರಲ್ಲಿ ಮಾಡಿದ 10 ವಾಕ್ಯಗಳ ಪಟ್ಟಿ ಇದೆ. ಅದನ್ನು ಕನ್ನಡದಲ್ಲಿ ಬರೆದುಕೊಂಡು ಒಂದು ಕಾಲೇಜಿನಲ್ಲಿ ಹಂಚಿದ್ದೆ. ಮೂರನೇ ಬೆಂಚಿನ ಹುಡುಗಿ ತನ್ನ ಬಗ್ಗೆ ಒಳ್ಳೆಯದು ಹೇಳಿಕೊಳ್ಳುವ ಒಂದು ವಾಕ್ಯಕ್ಕೆ "ಪೂರ್ತಿ ಒಪ್ಪುತ್ತೇನೆ" ಅಂತ ಟಿಕ್ ಹಾಕಿದಳು. ಪಕ್ಕದವಳು ಬಗ್ಗಿ ನೋಡಿದಳು. ತಕ್ಷಣ ಬ್ಯಾಗಿನಿಂದ ವೈಟ್ನರ್ ತೆಗೆದು ಹಚ್ಚಿ, ಉಫ್ ಉಫ್ ಅಂತ ಊದಿ ಒಣಗಿಸಿ, "ಒಪ್ಪುವುದಿಲ್ಲ" ಅನ್ನೋದಕ್ಕೆ ಟಿಕ್ ಹಾಕಿದಳು. ಆ ಹಾಳೆ ನನ್ನ ಹತ್ತಿರ ಇನ್ನೂ ಇದೆ. ಅದರ ಅಂಕ ಕೂಡುವಾಗ ಯಾವ ಉತ್ತರ ತೆಗೆದುಕೊಳ್ಳಲಿ ಅಂತ ನಮ್ಮ ಗೈಡ್ ಹತ್ತಿರ ಹೋಗಿ ಕೇಳಿದೆ.

ಪದಪ್ರೇಮಿ

ಸ್ವಮೋಹ ಒಳ್ಳೆ ಪದ. ಕೆಲವರು ಆತ್ಮರತಿ ಅಂತ ಬರೆಯುತ್ತಾರೆ, ಅದು ಬೇರೆ ಅರ್ಥಕ್ಕೆ ಎಳೆಯುತ್ತದೆ. ಆದರೆ ಸ್ವಾಭಿಮಾನ, ಆತ್ಮಗೌರವ, ಆತ್ಮವಿಶ್ವಾಸ ಮೂರನ್ನೂ ಒಂದೇ ಅಂತ ಬಳಸಬೇಡಿ. ಕೆಲಸ ನನ್ನಿಂದಾಗುತ್ತದೆ ಅನ್ನೋದು ಆತ್ಮವಿಶ್ವಾಸ. ಆಗದಿದ್ದರೂ ನನಗೆ ಬೆಲೆ ಇದೆ ಅನ್ನೋದು ಆತ್ಮಗೌರವ. ಮೇಡಂ ಹೇಳಿದ ಹುಡುಗಿಗೆ ಆತ್ಮವಿಶ್ವಾಸ ಇದೆ, ಆತ್ಮಗೌರವ ಇಲ್ಲ ಅನ್ನಿಸುತ್ತದೆ.

ಕಾಮರ್ಸ್_ಮೇಡಂ

ಈ ಮಾತು ಬರೆದಿಟ್ಟುಕೊಂಡೆ.

ಮಾತಿನಮಲ್ಲ

ಏನೇ ಹೇಳಿ, ಈಗಿನ ಹುಡುಗಿಯರಿಗೇ ಇದು ಜಾಸ್ತಿ. ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ, ಹತ್ತರಲ್ಲಿ ಎಂಟು ಜನ ತುಟಿ ಮುಂದೆ ಮಾಡಿ ಸೆಲ್ಫಿ. ಹುಡುಗರು ಹೀಗೆ ಮಾಡಲ್ಲ.

ಸೈಕಾಲಜಿ_ಓದುವವಳು

ಸರ್, ಇದು ತಪ್ಪು. 2015ರಲ್ಲಿ ಎಮಿಲಿ ಗ್ರಿಜಾಲ್ವಾ ಮತ್ತು ಅವರ ತಂಡ ಹಲವು ವರ್ಷಗಳ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿತು. ಸುಮಾರು 4.75 ಲಕ್ಷ ಜನರ ಮಾಹಿತಿ ಅದರಲ್ಲಿತ್ತು. ಸ್ವಮೋಹದ ಅಂಕ ಗಂಡಸರಲ್ಲೇ ಸ್ವಲ್ಪ ಜಾಸ್ತಿ ಇತ್ತು. ಅದರಲ್ಲೂ "ಇದು ನನ್ನ ಹಕ್ಕು, ಬೇರೆಯವರು ನನಗಾಗಿ ಮಾಡಬೇಕು" ಅನ್ನುವ ಭಾಗದಲ್ಲಿ ಅಂತರ ಎದ್ದು ಕಂಡಿತು. ನೀವು ಹೇಳುವ ಮೆರೆದಾಟ, ತೋರಿಸಿಕೊಳ್ಳುವುದು ಇದೆಯಲ್ಲ, ಅದರಲ್ಲಿ ಗಂಡು ಹೆಣ್ಣಿಗೆ ವ್ಯತ್ಯಾಸ ಇಲ್ಲ ಅನ್ನುವಷ್ಟು ಕಡಿಮೆ.

ಮೈಸೂರ್_ಮಲ್ಲಿಗೆ

ಮಾತಿನಮಲ್ಲ ಅಣ್ಣಾ, ಹುಡುಗರು ಜಿಮ್ ಕನ್ನಡಿ ಮುಂದೆ ತೋಳು ತೋರಿಸಿ ಹಾಕುವ ಫೋಟೋ ಲೆಕ್ಕಕ್ಕೆ ಇಲ್ವಾ?

ಮಾತಿನಮಲ್ಲ

ಸರಿ, ಒಪ್ಪಿದೆ. ನಮ್ಮ ತಮ್ಮನೇ ಮಾಡುತ್ತಾನೆ. ಆದರೂ ಹಿಂದಿನ ಕಾಲಕ್ಕಿಂತ ಈಗ ಜಾಸ್ತಿ ಅಲ್ವಾ? ಅದನ್ನಾದರೂ ಒಪ್ಪಿ.

ಹಳೇ_ವಾರ್ಡನ್

ಹಿಂದಿನ ಕಾಲ ನಾನು ನೋಡಿದ್ದೇನೆ, ಹೇಳುತ್ತೇನೆ ಕೇಳಿ. 1991ರಿಂದ 22 ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದೆ. ಶುರುವಿನಲ್ಲಿ ನಲವತ್ತು ಹುಡುಗಿಯರಿಗೆ ಒಂದೇ ದೊಡ್ಡ ಕನ್ನಡಿ. ಮೊದಲ ಮಹಡಿಯ ಪಡಸಾಲೆಯಲ್ಲಿ, ನೀರಿನ ಡ್ರಮ್ಮಿನ ಪಕ್ಕ. ಕೆಳಗಿನ ಮೂಲೆ ಒಡೆದಿತ್ತು. ಬೆಳಗ್ಗೆ ಅದರ ಮುಂದೆ ಕ್ಯೂ.

ಒಬ್ಬ ಹುಡುಗಿ ಕನ್ನಡಿ ಮುಂದೆ ನಿಂತರೆ ಜಾಗ ಬಿಡುತ್ತಿರಲಿಲ್ಲ. ಎಲ್ಲರೂ ರೇಗಿಸುತ್ತಿದ್ದರು. ಆಮೇಲೆ ಅವಳು ನಾಲ್ಕು ಗಂಟೆಗೇ ಎದ್ದು ಬರಲು ಶುರು ಮಾಡಿದಳು. ಒಂದು ದಿನ ಲೈಟ್ ಉರಿಯುತ್ತಿದೆಯಲ್ಲ ಅಂತ ಹೋಗಿ ನೋಡಿದೆ. ಕಡಲೆಹಿಟ್ಟು ಅರಿಸಿನ ಕಲಸಿಕೊಂಡು ಮುಖಕ್ಕೆ, ಕತ್ತಿಗೆ, ಮೊಣಕೈಗೆ ಹಚ್ಚಿ ತಿಕ್ಕುತ್ತಿದ್ದಳು. ಚರ್ಮ ಕೆಂಪಾಗಿ ಹೋಗಿತ್ತು. ಅವರಮ್ಮ ಪ್ರತಿ ತಿಂಗಳು ಹಾರ್ಲಿಕ್ಸ್ ಡಬ್ಬಿಯಲ್ಲಿ ಆ ಪುಡಿ ತುಂಬಿ ಕಳಿಸುತ್ತಿದ್ದರಂತೆ. ಎರಡು ಸಂಬಂಧ ಬಣ್ಣದ ಕಾರಣಕ್ಕೆ ತಪ್ಪಿಹೋಗಿತ್ತು. ನಾವೆಲ್ಲ ಅವಳನ್ನು ಶೋಕಿಯವಳು ಅಂದುಕೊಂಡಿದ್ದೆವು.

ಹಾಗಾಗಿ ಈಗಿನ ಕಾಲಕ್ಕೆ ಹೊಸದಾಗಿ ಬಂತು ಅಂದರೆ ನಾನು ನಂಬಲ್ಲ. ಆಗ ಅವಳನ್ನು ನೋಡುತ್ತಿದ್ದವರು ನಲವತ್ತು ಜನ. ಈಗಿನ ಹುಡುಗಿಯರನ್ನು ನೋಡುವವರು ಎಷ್ಟು ಜನ ಅಂತ ಅವರಿಗೇ ಗೊತ್ತಿಲ್ಲ.

ಮೈಸೂರ್_ಮಲ್ಲಿಗೆ

ಅಮ್ಮಾ, ಓದಿ ಕಣ್ಣು ತುಂಬಿತು. ಆ ಹುಡುಗಿ ಆಮೇಲೆ ಏನಾದಳು?

ಹಳೇ_ವಾರ್ಡನ್

ಟೀಚರ್ ಆದಳು. ದೀಪಾವಳಿಗೆ ಫೋನ್ ಮಾಡುತ್ತಾಳೆ. ಈಗ ಎಲ್ಲ ಸರಿಹೋಗಿದೆಯೇನಮ್ಮ ಅಂತ ನಾನು ಯಾವತ್ತೂ ಕೇಳಿಲ್ಲ, ಅವಳೂ ಹೇಳಿಲ್ಲ.

ಸೈಕಾಲಜಿ_ಓದುವವಳು

ಮಾತಿನಮಲ್ಲ ಸರ್ ಕೇಳಿದ್ದಕ್ಕೆ: ಅಮೆರಿಕದಲ್ಲಿ ಜೀನ್ ಟ್ವೆಂಗಿ 2008ರಲ್ಲಿ ಕಾಲೇಜು ಮಕ್ಕಳಲ್ಲಿ ಸ್ವಮೋಹ ವರ್ಷದಿಂದ ವರ್ಷಕ್ಕೆ ಏರುತ್ತಿದೆ ಅಂದರು. ದೊಡ್ಡ ಸುದ್ದಿಯಾಯಿತು. 2017ರಲ್ಲಿ ಇನ್ನೊಂದು ತಂಡ ಮತ್ತೆ ಲೆಕ್ಕ ಹಾಕಿ ಹಾಗೇನೂ ಏರಿಲ್ಲ ಅಂತ ತೋರಿಸಿತು. ಹಾಗಾಗಿ "ಈಗಿನ ಕಾಲದವರು ಹೀಗೇ" ಅಂತ ತೀರ್ಪು ಕೊಡುವ ಹಾಗಿಲ್ಲ.

ಧಾರವಾಡ_ಪೇಡೆ

ಎಲ್ಲರೂ ಬರೀ ಕನಿಕರ ತೋರಿಸುತ್ತಿದ್ದೀರಿ. ನಾನು ಇನ್ನೊಂದು ಬದಿ ಹೇಳುತ್ತೇನೆ. ಯಾಕಂದರೆ ನಾನು ಅಂಥವಳ ಜೊತೆ ಒಂದೇ ರೂಮಿನಲ್ಲಿ ಎರಡು ವರ್ಷ ಇದ್ದೆ.

ನಾನು ಹೊಸ ಡ್ರೆಸ್ ಹಾಕಿದರೆ "ನಿನಗೆ ಈ ಕಲರ್ ಒಪ್ಪಲ್ಲ ಬಿಡು" ಅನ್ನುತ್ತಿದ್ದಳು. ಮರುವಾರ ಅದನ್ನೇ ಕೇಳದೆ ಹಾಕಿಕೊಂಡು ಹೋಗುತ್ತಿದ್ದಳು. ನನ್ನ ಅಪ್ಪನಿಗೆ ಹುಷಾರಿಲ್ಲ ಅಂತ ನಾನು ಅಳುತ್ತಾ ಕೂತಿದ್ದ ರಾತ್ರಿ, ಅವಳಿಗೆ ಯಾರೋ ಮೆಸೇಜ್ ಮಾಡಿಲ್ಲ ಅನ್ನೋ ಕಥೆ ಎರಡು ಗಂಟೆ ಹೇಳಿದಳು. ನನ್ನ ಪ್ರಾಜೆಕ್ಟ್ ಫೈಲ್ ನೋಡಿ ಬರೆದು, ಸೆಮಿನಾರಿನಲ್ಲಿ ತನ್ನದು ಅಂತ ಹೇಳಿ ಚಪ್ಪಾಳೆ ತಗೊಂಡಳು. ಕೇಳಿದ್ದಕ್ಕೆ ಅವಳೇ ಅತ್ತಳು. ರೂಮಿನವರೆಲ್ಲ ಅವಳನ್ನೇ ಸಮಾಧಾನ ಮಾಡಿದರು. ನಮ್ಮ ಕಡೆ ಹೇಳೋ ಹಾಗೆ, ಭಾಳ ಆತು ಅನ್ನಿಸಿತ್ತು. ಅಂಥವರಿಗೇನು ಟೆನ್ಶನ್ ಇರುತ್ತೆ? ಟೆನ್ಶನ್ ಎಲ್ಲ ಪಕ್ಕದ ಮಂಚದಲ್ಲಿ ಮಲಗುವವರಿಗೆ. ನನಗೆ ಆ ವರ್ಷ ಕೂದಲು ಉದುರಿ ಬಾಚಣಿಗೆ ತುಂಬುತ್ತಿತ್ತು.

ಪೀಜಿ_ಹುಡುಗಿ

ಅಕ್ಕ, ನಿಮಗಾಗಿದ್ದು ನಿಜಕ್ಕೂ ಅನ್ಯಾಯ. ಫೈಲ್ ಕದ್ದದ್ದಕ್ಕೆ ಯಾವ ಕಾರಣವೂ ಸಾಲದು.

ಸೈಕಾಲಜಿ_ಓದುವವಳು

ಅಕ್ಕ ಹೇಳಿದ್ದರಲ್ಲಿ ಒಂದು ದೊಡ್ಡ ವಿಷಯ ಇದೆ. ಜೊತೆಗಿರುವವರ ನೋವನ್ನು ಮರೆತು ಬರೀ ಅವಳ ಬಗ್ಗೆ ಮಾತಾಡುವುದು ತಪ್ಪು. ಆದರೆ "ಅಂಥವರಿಗೇನು ಟೆನ್ಶನ್" ಅನ್ನೋ ಮಾತಿಗೆ ಮಾತ್ರ ನನ್ನ ತಕರಾರು. 2013ರಲ್ಲಿ ಜೋಯಿ ಚೆಂಗ್, ಜೆಸಿಕಾ ಟ್ರೇಸಿ ಮತ್ತು ಇನ್ನೊಬ್ಬರು ಕಾಲೇಜು ಹುಡುಗಿಯರ ಮೇಲೇ ಒಂದು ಅಧ್ಯಯನ ಮಾಡಿದರು. ಅವರ ದಿನದಿನದ ಬೇಸರ, ಸಂಕಟ ಬರೆಸಿಕೊಂಡರು, ಜೊತೆಗೆ ಬಾಯಿಯ ಎಂಜಲು ತೆಗೆದುಕೊಂಡು ಕಾರ್ಟಿಸಾಲ್ ಅಂತ ಒತ್ತಡದ ಹಾರ್ಮೋನ್ ಅಳೆದರು. ಮನಸ್ಸಿಗೆ ನೋವಾದಾಗ ಸ್ವಮೋಹ ಜಾಸ್ತಿ ಇದ್ದ ಹುಡುಗಿಯರ ದೇಹದಲ್ಲೇ ಅದು ಹೆಚ್ಚು ಏರಿತ್ತು. ಮುಖ ಏನೇ ಹೇಳಲಿ, ಮೈಯೊಳಗೆ ಬೆಂಕಿ ಬಿದ್ದಿರುತ್ತದೆ.

ಧಾರವಾಡ_ಪೇಡೆ

ಇರಬಹುದು ತಂಗಿ. ಆ ಬೆಂಕಿ ನನ್ನ ಮೇಲೆ ಯಾಕೆ ಹಾಕಬೇಕಿತ್ತು ಅನ್ನೋದು ನನ್ನ ಪ್ರಶ್ನೆ. ಮೇಡಂ, ನಿಮ್ಮ ಕ್ಲಾಸಿನಲ್ಲಿ ಪ್ರಾರ್ಥನೆ ಹಾಡುವ ಹುಡುಗಿ ಇದ್ದಾಳಲ್ಲ, ಅವಳ ಹತ್ತಿರವೂ ಒಂದು ಮಾತಾಡಿ. ದಯವಿಟ್ಟು.

ಕಾಮರ್ಸ್_ಮೇಡಂ

ನಿಜ ಹೇಳಬೇಕಂದರೆ ಅವಳ ಬಗ್ಗೆ ನಾನು ಯೋಚನೆಯೇ ಮಾಡಿರಲಿಲ್ಲ. ನಾಳೆಯೇ ಮಾತಾಡುತ್ತೇನೆ.

ಪೀಜಿ_ಹುಡುಗಿ

ಈಗ ನನ್ನ ಕಥೆ ಹೇಳಿಬಿಡುತ್ತೇನೆ. ಮೇಡಂ ಬರೆದ ಹುಡುಗಿ ಎರಡು ವರ್ಷದ ಹಿಂದಿನ ನಾನೇ.

ಬೆಂಗಳೂರಿಗೆ ಇಂಜಿನಿಯರಿಂಗಿಗೆ ಬಂದೆ. ಊರಲ್ಲಿ ನಾನೇ ಫಸ್ಟ್. ಇಲ್ಲಿ ಅರವತ್ತು ಜನರ ಕ್ಲಾಸಿನಲ್ಲಿ ಎಲ್ಲರೂ ಅವರವರ ಊರಿನ ಫಸ್ಟ್. ಮೊದಲ ಸೆಮ್‌ನಲ್ಲೇ ಮ್ಯಾಥ್ಸ್ ಬ್ಯಾಕ್ ಆಯಿತು. ಮನೆಗೆ ಹೇಳಲಿಲ್ಲ. ಹಾಸಿಗೆ ಪಕ್ಕದ ಗೋಡೆಗೆ ಪುಟ್ಟ ಬಲ್ಬಿನ ಸರ ಹಾಕಿ, ಅದರ ಕೆಳಗೆ ಕೂತು ದಿನಕ್ಕೊಂದು ರೀಲ್ ಮಾಡುತ್ತಿದ್ದೆ. ಮೂರು ಜನರ ರೂಮು, ನಿಲ್ಲಲು ಜಾಗ ಇಲ್ಲ. ಫ್ರೇಮಿನಲ್ಲಿ ಮಾತ್ರ ಅರಮನೆ ಕಾಣಬೇಕು. ಒದ್ದೆ ಬಟ್ಟೆ, ಟಿಫನ್ ಡಬ್ಬಿ ಎಲ್ಲ ಪಕ್ಕದ ಮಂಚಕ್ಕೆ ಸರಿಸುತ್ತಿದ್ದೆ. ಯಾರಾದರೂ "ಸೂಪರ್" ಅಂತ ಬರೆದರೆ ಹತ್ತು ನಿಮಿಷ ಸಮಾಧಾನ. ಆಮೇಲೆ ಮತ್ತೆ ಹೊಟ್ಟೆಯಲ್ಲಿ ಕಲಸಿದ ಹಾಗೆ. ಅಷ್ಟರಲ್ಲಿ ಚಿಕ್ಕಪ್ಪನ ಮಗಳು ಕೆನಡಾದಿಂದ ಮಂಜಿನಲ್ಲಿ ನಿಂತ ಫೋಟೋ ಹಾಕುತ್ತಿದ್ದಳು. ಅಮ್ಮ ಅದನ್ನು ನನಗೆ ಫಾರ್ವರ್ಡ್ ಮಾಡುತ್ತಿದ್ದರು, ಕೆಳಗೆ ಏನೂ ಬರೆಯದೆ. ಆ ಖಾಲಿ ಜಾಗ ಓದಿ ಓದಿ ನನಗೆ ನಿದ್ದೆ ಹೋಗುತ್ತಿತ್ತು.

ಕ್ಲಾಸಿನಲ್ಲಿ ನಾನು ಎಲ್ಲರಿಗೂ ಗತ್ತು ತೋರಿಸುತ್ತಿದ್ದೆ. ಯಾರಿಗಾದರೂ ಒಳ್ಳೆ ಮಾರ್ಕ್ಸ್ ಬಂದರೆ "ಅವಳು ಬರೀ ಉರು ಹೊಡೆಯೋದು" ಅನ್ನುತ್ತಿದ್ದೆ. ಹೇಳುವಾಗಲೇ ಗೊತ್ತಾಗುತ್ತಿತ್ತು, ನಾನು ಸುಳ್ಳು ಹೇಳುತ್ತಿದ್ದೇನೆ ಅಂತ.

ನನ್ನನ್ನು ತಡೆದದ್ದು ರೂಮ್‌ಮೇಟ್. ಕಲಬುರಗಿಯವಳು. ಒಂದು ರಾತ್ರಿ ನಾನು ಬಟ್ಟೆ ಸರಿಸುತ್ತಿದ್ದಾಗ ಬಲ್ಬಿನ ಸರದ ಪ್ಲಗ್ ತೆಗೆದು, "ಇವತ್ತು ಬೇಡ, ಬಾ ಊಟಕ್ಕೆ ಹೋಗೋಣ" ಅಂದಳು. ಅಷ್ಟೇ ಅಂದದ್ದು. ನಾನು ಊಟದ ತಟ್ಟೆ ಮುಂದೆ ಕೂತು ಅತ್ತೆ. ಬ್ಯಾಕ್ ಆದದ್ದು ಮೊದಲು ಹೇಳಿದ್ದು ಅವಳಿಗೇ.

ಪೂರ್ತಿ ಸರಿಹೋದೆ ಅಂತ ಹೇಳಲ್ಲ. ಲೈಕ್ ಎಷ್ಟು ಬಂತು ಅಂತ ಕಾಣದ ಹಾಗೆ ಇನ್‌ಸ್ಟಾಗ್ರಾಮಿನಲ್ಲಿ 2021ರಿಂದ ಒಂದು ಸೆಟಿಂಗ್ ಇದೆ, ಅದನ್ನು ಹಾಕಿಕೊಂಡೆ. ಮೊದಲ ವಾರ ಕೈ ತುರಿಸುತ್ತಿತ್ತು. ಆಮೇಲೆ ಪರವಾಗಿಲ್ಲ.

ಧಾರವಾಡ_ಪೇಡೆ

ನನಗೆ ನಿನ್ನಂಥ ರೂಮ್‌ಮೇಟ್ ಸಿಕ್ಕಿದ್ದಳು, ನಿನಗೆ ನನಗಿಂತ ಒಳ್ಳೆ ರೂಮ್‌ಮೇಟ್ ಸಿಕ್ಕಳು. ನಾನು ಅವಳ ಬಲ್ಬು ಆರಿಸಿ ಊಟಕ್ಕೆ ಕರೆಯಲಿಲ್ಲ, ಮಾತೇ ಬಿಟ್ಟೆ. ಮಾತು ಬಿಟ್ಟದ್ದಕ್ಕೆ ಈಗಲೂ ಪಶ್ಚಾತ್ತಾಪ ಇಲ್ಲ. ಆದರೂ ನಿನ್ನ ಬರಹ ಎರಡು ಸಲ ಓದಿದೆ.

ಸೈಕಾಲಜಿ_ಓದುವವಳು

ಪೀಜಿ_ಹುಡುಗಿ ಹೇಳಿದ ಆ ಹತ್ತು ನಿಮಿಷದ ಸಮಾಧಾನ ಇದೆಯಲ್ಲ, ಅದನ್ನೇ ಜೆನಿಫರ್ ಕ್ರಾಕರ್ ಅನ್ನುವ ಮನಶ್ಶಾಸ್ತ್ರಜ್ಞೆ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಆತ್ಮಗೌರವ ಎಷ್ಟಿದೆ ಅನ್ನೋದರ ಜೊತೆಗೆ ಅದನ್ನು ಯಾವ ಗೂಟಕ್ಕೆ ಕಟ್ಟಿದ್ದೀರಿ ಅಂತಲೂ ನೋಡಬೇಕು ಅಂತ ಅವರ ವಾದ. ಮಾರ್ಕ್ಸ್, ರೂಪ, ಬೇರೆಯವರ ಮೆಚ್ಚುಗೆ, ಸ್ಪರ್ಧೆಯಲ್ಲಿ ಗೆಲುವು, ಮನೆಯವರ ಪ್ರೀತಿ, ಒಳ್ಳೆಯತನ, ದೇವರ ಪ್ರೀತಿ ಹೀಗೆ ಏಳು ಗೂಟ ಗುರುತಿಸಿದರು. 2002ರ ಒಂದು ಅಧ್ಯಯನದಲ್ಲಿ ಮುಂದಿನ ಓದಿಗೆ ಅರ್ಜಿ ಹಾಕಿದ್ದ ವಿದ್ಯಾರ್ಥಿಗಳನ್ನು ಹಿಂಬಾಲಿಸಿದರು. ಸೀಟು ಸಿಕ್ಕ ದಿನ ಆತ್ಮಗೌರವ ಏರುತ್ತಿತ್ತು, ಇಲ್ಲ ಅಂದ ದಿನ ಇಳಿಯುತ್ತಿತ್ತು. ತಮ್ಮ ಬೆಲೆಯನ್ನೆಲ್ಲ ಓದಿಗೇ ಕಟ್ಟಿದವರಲ್ಲಿ ಈ ಏರಿಳಿತ ಜಾಸ್ತಿ. ಬೇರೆಯವರ ಕೈಯಲ್ಲಿರುವ ಗೂಟಕ್ಕೆ ಕಟ್ಟಿದರೆ ದಿನಾ ಎಳೆದಾಟವೇ.

ಅಪ್ಪ_ದಾವಣಗೆರೆ

ಇದನ್ನೆಲ್ಲ ಓದಿ ನನಗೆ ಭಯ ಆಗುತ್ತಿದೆ. ನನಗೆ ಒಬ್ಬಳೇ ಮಗಳು, ಪಿಯುಸಿ ಎರಡನೇ ವರ್ಷ. ಚಿಕ್ಕವಳಿದ್ದಾಗಿನಿಂದ "ನಮ್ಮ ಓಣಿಯಲ್ಲಿ ನಿನ್ನಷ್ಟು ಜಾಣೆ ಇಲ್ಲ, ನೀನು ಎಲ್ಲರಂತಲ್ಲ" ಅಂತಲೇ ಸಾಕಿದ್ದೇನೆ. ನನ್ನಪ್ಪ ನನ್ನ ಬೆನ್ನು ತಟ್ಟಲೇ ಇಲ್ಲ, ಅದಕ್ಕೆ ನಾನು ಹೀಗೆ ಮಾಡಿದೆ. ಇದರಿಂದ ಕೆಟ್ಟದಾಗುತ್ತಾ?

ಸೈಕಾಲಜಿ_ಓದುವವಳು

ಸರ್, ಗಾಬರಿ ಬೇಡ. ಎಡ್ಡಿ ಬ್ರುಮೆಲ್‌ಮನ್ ಮತ್ತು ತಂಡದವರು ನೆದರ್‌ಲ್ಯಾಂಡ್ಸಿನಲ್ಲಿ 565 ಮಕ್ಕಳನ್ನು ಗಮನಿಸಿ 2015ರಲ್ಲಿ ಬರೆದಿದ್ದಾರೆ. "ನನ್ನ ಮಗು ಬೇರೆ ಮಕ್ಕಳಿಗಿಂತ ಮೇಲು" ಅಂತ ನಂಬಿದ ಅಪ್ಪ ಅಮ್ಮಂದಿರ ಮಕ್ಕಳಲ್ಲಿ ಮುಂದೆ ಸ್ವಮೋಹ ಹೆಚ್ಚಿತು. ಪ್ರೀತಿ ತೋರಿಸಿದ ಅಪ್ಪ ಅಮ್ಮಂದಿರ ಮಕ್ಕಳಲ್ಲಿ ಆತ್ಮಗೌರವ ಹೆಚ್ಚಿತು. ಪ್ರೀತಿ ಕಡಿಮೆ ಮಾಡಬೇಡಿ. "ಎಲ್ಲರಿಗಿಂತ" ಅನ್ನೋ ಒಂದು ಪದ ಬಿಡಿ, ಸಾಕು.

ಅಪ್ಪ_ದಾವಣಗೆರೆ

ಒಂದು ಪದ ತಾನೆ. ಬಿಡುತ್ತೇನೆ. ನಿನ್ನೆ ಅವಳು ಟೆಸ್ಟ್‌ನಲ್ಲಿ ಕಡಿಮೆ ಬಂತು ಅಂತ ಹೇಳಿದಾಗ ನಾನು "ಪಕ್ಕದ ಮನೆಯವಳಿಗೆಷ್ಟು" ಅಂತ ಕೇಳಿದ್ದೆ. ಅದನ್ನೂ ಬಿಡುತ್ತೇನೆ.

ಮಾತಿನಮಲ್ಲ

ದಾವಣಗೆರೆ ಸರ್, ನಿಮ್ಮಂಥ ಅಪ್ಪ ಎಲ್ಲರಿಗೂ ಸಿಗಲಿ. ಮನಸಾರೆ ಹೇಳುತ್ತಿದ್ದೇನೆ.

ನರ್ಸ್_ಅಕ್ಕ

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಮನಸ್ಸಿನ ಮಾತೆಲ್ಲ ಸರಿ, ಆದರೆ ನಿದ್ದೆ ಇಲ್ಲ, ತಿಂಡಿ ಸೇರಲ್ಲ ಅಂದ ಕೂಡಲೇ ಒಂದು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಜನರಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಸುಸ್ತು, ಸಿಡುಕು, ಓದಿದ್ದು ತಲೆಗೆ ಹತ್ತದಿರುವುದು ಎಲ್ಲ ಶುರುವಾಗಬಹುದು. ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತಲೂ ಮೆಲ್ಲಗೆ ಕೇಳಿ. ಪಿಸಿಓಎಸ್ (ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಇದ್ದರೆ ಮುಖದಲ್ಲಿ ಮೊಡವೆ, ಕೂದಲು, ತೂಕ ಏರುವುದು. ಆ ವಯಸ್ಸಿನಲ್ಲಿ ಕನ್ನಡಿ ನೋಡಲು ಹೆದರುವಂತೆ ಆಗುತ್ತದೆ.

ಮೈಸೂರ್_ಮಲ್ಲಿಗೆ

ಅಕ್ಕ, ಹಾಸ್ಟೆಲ್ ಊಟದಲ್ಲಿ ಕಬ್ಬಿಣದ ಅಂಶ ಎಲ್ಲಿಂದ ಬರಬೇಕು? ನಮ್ಮಲ್ಲಿ ವಾರಕ್ಕೆ ನಾಲ್ಕು ದಿನ ಅನ್ನ, ನೀರು ಸಾರು. ಸೊಪ್ಪು ಅಂದರೆ ಮೇಲೆ ಹಾಕುವ ಕೊತ್ತಂಬರಿ ಅಷ್ಟೇ.

ಹಳೇ_ವಾರ್ಡನ್

ನಮ್ಮಲ್ಲಿ ಶನಿವಾರ ನುಗ್ಗೆಸೊಪ್ಪಿನ ಪಲ್ಯ, ಮುದ್ದೆ ಕಡ್ಡಾಯ ಮಾಡಿದ್ದೆ. ಶುರುವಿನಲ್ಲಿ ಎಲ್ಲರೂ ಮುಖ ಸಿಂಡರಿಸಿದರು.

ಮೈಸೂರ್_ಮಲ್ಲಿಗೆ

ನುಗ್ಗೆಸೊಪ್ಪಿಗೆ ಕಡಲೆಬೇಳೆ ಹಾಕ್ತಿದ್ರಾ ಹೆಸರುಬೇಳೆನಾ?

ಹಳೇ_ವಾರ್ಡನ್

ಹೆಸರುಬೇಳೆ. ಬೇಗ ಬೇಯುತ್ತೆ.

ಸುಮ್ನೆ_ಓದುಗ

ವಿಷಯಕ್ಕೆ ಬರೋಣ. ನಾನು ಮೊದಲು ಬರೆದ ಮಾತು ಬೇಗ ಬರೆದುಬಿಟ್ಟೆ ಅನ್ನಿಸುತ್ತಿದೆ. ಒಂದು ಪ್ರಶ್ನೆ. ಇಂಥ ಹುಡುಗಿಗೆ ಬುದ್ಧಿ ಹೇಳುವುದು ಹೇಗೆ? ಹೊಗಳಿದರೆ ಇನ್ನೂ ಏರುತ್ತಾಳೆ, ಬೈದರೆ ಕುಸಿಯುತ್ತಾಳೆ.

ಸೈಕಾಲಜಿ_ಓದುವವಳು

ಎರಡೂ ಬೇಡ. ಬುದ್ಧಿ ಹೇಳುವುದೂ ಬೇಡ. ಅವಳು ಮೈಕು ಹಿಡಿಯದ ದಿನವೂ ಮೇಡಂ ಅವಳ ಹೆಸರು ಹಿಡಿದು ಕರೆದು ಮಾತಾಡಲಿ. ತಪ್ಪಾದ ಲೆಕ್ಕವನ್ನು ಲೆಕ್ಕದ ಹಾಗೇ ತಿದ್ದಲಿ, ಅವಳನ್ನೇ ತಿದ್ದುವ ಹಾಗೆ ಬೇಡ.

ಮೇಡಂ, ಇನ್ನೊಂದು ಮುಖ್ಯವಾದ ಮಾತು. ನಿದ್ದೆ, ಊಟ ಎರಡೂ ಹೋಗಿದೆ ಅಂದರೆ, "ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನೋದು ತಪ್ಪು ನಂಬಿಕೆ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೆಸರು_ಬೇಡ_ಪ್ಲೀಸ್

ಆ ನಂಬರಿಗೆ ಮಾಡಿದರೆ ಮನೆಗೆ ಗೊತ್ತಾಗುತ್ತಾ? ನನ್ನ ಫ್ರೆಂಡ್ ಒಬ್ಬಳಿಗೆ ಬೇಕಿತ್ತು.

ನರ್ಸ್_ಅಕ್ಕ

ಮಾತಾಡಿದ್ದನ್ನು ಗುಟ್ಟಾಗಿ ಇಡುತ್ತಾರಮ್ಮ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಗೋಪ್ಯತೆ ರೋಗಿಯ ಹಕ್ಕು. ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತ್ರ ಬೇರೆ. ಫ್ರೆಂಡ್‌ಗೆ ಹೇಳು, ಇವತ್ತೇ ಮಾಡಲಿ. ನಿನಗೆ ಮಾತಾಡಬೇಕು ಅನ್ನಿಸಿದರೂ ಮಾಡು.

ಹೆಸರು_ಬೇಡ_ಪ್ಲೀಸ್

ಸರಿ ಅಕ್ಕ.

ಪೀಜಿ_ಹುಡುಗಿ

ಹೆಸರು_ಬೇಡ, ನಾನು ರಾತ್ರಿ ಹನ್ನೊಂದರವರೆಗೆ ಇಲ್ಲೇ ಇರುತ್ತೇನೆ. ಸುಮ್ನೆ ಏನಾದರೂ ಬರಿ.

ಕಾಮರ್ಸ್_ಮೇಡಂ

ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ, ತಡವಾಯಿತು. ಎಲ್ಲರೂ ಹೇಳಿದ್ದನ್ನು ಒಂದೊಂದಾಗಿ ಮಾಡಿದೆ.

ಪ್ರಾರ್ಥನೆ ಹಾಡುವ ಹುಡುಗಿಯ ಹತ್ತಿರ ಮೊದಲು ಮಾತಾಡಿದೆ. "ಅವಳು ಫೋನ್ ನೋಡೋದು ಪರವಾಗಿಲ್ಲ ಮೇಡಂ, ನೀವೂ ಒಂದು ಸಲ ಚೆನ್ನಾಗಿ ಹಾಡಿದೆ ಅಂದಿಲ್ಲ" ಅಂದಳು. ಮೂರು ವರ್ಷ ಅವಳ ಹಾಡು ಕೇಳಿದ್ದೇನೆ. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ, ಕ್ಷಮಿಸು ಅಂದೆ.

ಆಮೇಲೆ ಇವಳನ್ನು ಕರೆದೆ. ಆ ಪ್ರಶ್ನೆಯನ್ನು ನೇರವಾಗೇ ಕೇಳಿದೆ. ಬಾಯಿ ಒಣಗಿತ್ತು ನನಗೆ. ಇಲ್ಲ ಮೇಡಂ ಅಂದಳು, ನನ್ನ ಕಣ್ಣು ನೋಡಿಯೇ ಅಂದಳು. ರಕ್ತ ಪರೀಕ್ಷೆ ಮಾಡಿಸಿದೆವು, ಹಿಮೋಗ್ಲೋಬಿನ್ 8.6 ಇದೆ. ಮಾತ್ರೆ ಶುರುವಾಗಿದೆ. ಅವರಮ್ಮನಿಗೆ ಫೋನ್ ಮಾಡಿದಾಗ ಮೊದಲು "ಡಯಟ್ ಡಯಟ್ ಅಂತ ಇದ್ದಳು" ಅಂತ ಬೈದರು, ಆಮೇಲೆ ಅತ್ತರು. ಮುಂದಿನ ಶನಿವಾರ ಜಿಲ್ಲಾ ಆಸ್ಪತ್ರೆಯ ಕೌನ್ಸೆಲರ್ ಹತ್ತಿರ ಹೋಗುವುದು ಅಂತ ಮೂವರೂ ಮಾತಾಡಿಕೊಂಡಿದ್ದೇವೆ.

ಮತ್ತೆ ಆ ಪೇಪರ್. ಪೌಚಿನೊಳಗೇ ಇತ್ತು. ಅವಳೇ ತೆಗೆದಳು. ಮಡಿಕೆಗಳಲ್ಲಿ ಹರಿಯುವ ಹಾಗಾಗಿತ್ತು. ಮೇಜಿನ ಮೇಲಿಟ್ಟು ಅಂಗೈಯಲ್ಲಿ ಸವರಿ ಸವರಿ ಸಪಾಟು ಮಾಡಿದಳು. ಗುಡ್‌ವಿಲ್ ವ್ಯಾಲ್ಯುಯೇಶನ್, ಅಂದರೆ ವ್ಯಾಪಾರದ ಒಳ್ಳೆ ಹೆಸರಿಗೆ ಬೆಲೆ ಕಟ್ಟುವ ಲೆಕ್ಕ. ಸರಾಸರಿ ಲಾಭ ತೆಗೆಯುವಲ್ಲಿ ಒಂದು ವರ್ಷದ ನಷ್ಟವನ್ನು ಕಳೆಯುವ ಬದಲು ಕೂಡಿದ್ದಳು, ಅಲ್ಲಿಂದ ಮುಂದೆ ಎಲ್ಲ ತಪ್ಪು. ತಪ್ಪು ಎಲ್ಲಿದೆ ಅಂತ ನಾನು ತೋರಿಸಲಿಲ್ಲ. ಇಪ್ಪತ್ತು ನಿಮಿಷ ಕೂತು ತಾನೇ ಹುಡುಕಿದಳು. ಸಿಕ್ಕಾಗ "ಅಯ್ಯೋ, ಇಷ್ಟೇನಾ" ಅಂದಳು.

ಸ್ಟಾಫ್ ರೂಮಿನಲ್ಲೂ ಹೇಳಿದೆ, ಆ ಹೆಸರು ನನ್ನೆದುರು ಹೇಳಬೇಡಿ ಅಂತ. ಒಬ್ಬರು ಮುನಿಸಿಕೊಂಡಿದ್ದಾರೆ. ಇರಲಿ.

ಸೋಮವಾರ ಎರಡನೇ ಇಂಟರ್ನಲ್ಸ್.

ಹಳೇ_ವಾರ್ಡನ್

8.6 ತುಂಬಾ ಕಡಿಮೆಯಾಯಿತಮ್ಮ. ನುಗ್ಗೆಸೊಪ್ಪು ತಿನ್ನಿಸಿ.

ನರ್ಸ್_ಅಕ್ಕ

ಮಾತ್ರೆ ಟೀ ಜೊತೆ ಬೇಡ ಅಂತ ಹೇಳಿ. ನಿಂಬೆಹಣ್ಣಿನ ಶರಬತ್ತು ಕುಡಿದರೆ ಒಳ್ಳೆಯದು.

ಧಾರವಾಡ_ಪೇಡೆ

ಹಾಡುವ ಹುಡುಗಿಗೆ ನನ್ನ ಕಡೆಯಿಂದಲೂ ಚೆನ್ನಾಗಿ ಹಾಡ್ತೀಯ ಅಂತ ಹೇಳಿ ಮೇಡಂ. ಕೇಳದಿದ್ದರೂ ಪರವಾಗಿಲ್ಲ.

ಪೀಜಿ_ಹುಡುಗಿ

ಸೋಮವಾರ ಆದಮೇಲೆ ಬಂದು ಹೇಳಿ ಮೇಡಂ. ಮಾರ್ಕ್ಸ್ ಬೇಡ. ತಿಂಡಿ ತಿಂದು ಬಂದಿದ್ದಳಾ ಅಂತ ಹೇಳಿ.